ವಯಸ್ಸಿನ ಬದಲು ಕುಟುಂಬದ ಹಂತ ಹಾಕಿದ್ರೆ ಸಾಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಜನ ಬಿಡುವಿನ ಸಮಯ ಹೇಗೆ ಕಳೀತಾರೆ ಅನ್ನೋದರ ಮೇಲೆ ಥೀಸಿಸ್ ಮಾಡ್ತಿದೀನಿ. ವಯಸ್ಸು ಬಿಡು, ಮದುವೆ ಆಗಿದೆಯಾ, ಮಕ್ಕಳು ಎಷ್ಟು ದೊಡ್ಡವರು, ಮನೆ ಬಿಟ್ಟು ಹೋಗಿದಾರಾ ಅಂತ ನೋಡಿ ಕುಟುಂಬದ ಹಂತಗಳನ್ನ ಮಾಡ್ಕೋ, ಅದನ್ನೇ ವೇರಿಯಬಲ್ ಆಗಿ ಹಾಕು ಅಂತಿದಾರೆ ಗೈಡ್. ಮದುವೆಯಿಂದ ಮುಪ್ಪಿನ ತನಕ ಕುಟುಂಬದ ಬದುಕನ್ನ ಸಮಾಜಶಾಸ್ತ್ರಜ್ಞೆ ಡುವಾಲ್ ಅವರು ಭಾಗ ಮಾಡಿರೋ 8 ಹಂತ ಓದಿದೆ, ಆದ್ರೆ ನನ್ನ ಸ್ಯಾಂಪಲ್‌ನಲ್ಲಿ ಮಕ್ಕಳಿಲ್ಲದವರು, ಡಿವೋರ್ಸ್ ಆದವರು, ಒಬ್ಬರೇ ಮಗು ಸಾಕ್ತಿರೋ ತಾಯಂದಿರು ತುಂಬಾ ಇದಾರೆ, ಇವರನ್ನ ಎಲ್ಲಿಗೆ ಸೇರಿಸ್ಲಿ? ತೆಗೆದುಹಾಕೋಕೆ ಮನಸ್ಸು ಬರ್ತಿಲ್ಲ.

ಉತ್ತರ 1:
ನಿಮ್ಮ ಗೈಡ್ ಮಾತಲ್ಲಿ ಹುರುಳಿದೆ. 1957ರಲ್ಲೇ ಲ್ಯಾನ್ಸಿಂಗ್, ಕಿಶ್ ಅನ್ನೋ ಇಬ್ರು ಸಂಶೋಧಕರು ಅಮೆರಿಕದ ಸರ್ವೆ ಡೇಟಾ ಇಟ್ಕೊಂಡು ಸ್ವಂತ ಮನೆ, ಸಾಲ, ಹೆಂಡತಿ ಕೆಲಸಕ್ಕೆ ಹೋಗೋದು ಇಂಥ ವಿಷಯಗಳಲ್ಲಿ ವಯಸ್ಸಿಗಿಂತ ಕುಟುಂಬದ ಹಂತಾನೇ ಹೆಚ್ಚು ವಿವರಿಸುತ್ತೆ ಅಂತ ತೋರಿಸಿದ್ರು. 35 ವರ್ಷದ ಇಬ್ಬರಲ್ಲಿ ಒಬ್ಬರಿಗೆ ಹಾಲು ಕುಡಿಯೋ ಮಗು, ಇನ್ನೊಬ್ಬರಿಗೆ ಮದುವೆನೇ ಆಗಿಲ್ಲ ಅಂದ್ರೆ ಅವರ ಸಂಜೆ ಹೊತ್ತು ಒಂದೇ ಥರ ಇರುತ್ತಾ?

ಉತ್ತರ 2:
ಒಪ್ತೀನಿ, ಆದ್ರೆ ಹಂತ ಅನ್ನೋದು ಕಾರಣ ಅಲ್ಲ, ಅದು ಮೂರ್ನಾಲ್ಕು ವಿಷಯ ಒಟ್ಟಿಗೆ ಕಟ್ಟಿರೋ ಗಂಟು, ಅದನ್ನ ಬಿಚ್ಚಿ. ಡುವಾಲ್ ಹಂತಗಳನ್ನ ಗುರುತಿಸೋದು ಮುಖ್ಯವಾಗಿ ಮೊದಲ ಮಗುವಿನ ವಯಸ್ಸಿಂದ. ಒಂದು ಮನೇಲಿ 15 ವರ್ಷದ ಮಗಳು, 2 ವರ್ಷದ ಮಗ ಇದಾರೆ ಅಂದ್ಕೊಳ್ಳಿ, ಲೆಕ್ಕದ ಪ್ರಕಾರ ಅದು ಹದಿಹರೆಯದ ಮಕ್ಕಳಿರೋ ಕುಟುಂಬ, ಆದ್ರೆ ಅಮ್ಮ ರಾತ್ರಿ ಎದ್ದು ಕೂರೋದು ಆ 2 ವರ್ಷದವನಿಗೋಸ್ಕರ. ನಿಮ್ಮ ವಿಷಯ ಸಮಯ, ಹಾಗಾಗಿ ಕೊನೇ ಮಗುವಿನ ವಯಸ್ಸೇ ನಿಮಗೆ ಮುಖ್ಯ. ಸಂಗಾತಿ ಜೊತೆಗಿದಾರಾ, ಮನೇಲಿ ಎಷ್ಟು ಮಕ್ಕಳು, ಕೊನೇದಕ್ಕೆ ಎಷ್ಟು ವಯಸ್ಸು, ಯಾರ್ಯಾರು ದುಡೀತಾರೆ, ಇಷ್ಟನ್ನ ಬೇರೆ ಬೇರೆ ಹಾಕಿ, ಆಮೇಲೆ ಹಂತ ಸೇರಿಸಿ ನಿಮ್ಮ ಅಂಕಿಅಂಶದ ಮಾಡೆಲ್ ಇನ್ನೂ ಸುಧಾರಿಸುತ್ತಾ ನೋಡಿ. ವಯಸ್ಸನ್ನಂತೂ ತೆಗೀಬೇಡಿ. ಡಿವೋರ್ಸ್ ಆದವರಿಗೆ, ಮಕ್ಕಳಿಲ್ಲದವರಿಗೆ ಜಾಗ ಇರೋ ಪಟ್ಟಿನ 1979ರಲ್ಲೇ ಮರ್ಫಿ, ಸ್ಟೇಪಲ್ಸ್ ಅನ್ನೋ ಸಂಶೋಧಕರು ಮಾಡಿದಾರೆ, ಯಾರನ್ನೂ ಕೈಬಿಡೋ ಅಗತ್ಯನೇ ಇಲ್ಲ.

ಉತ್ತರ 3:
ಇನ್ನೊಂದು ವಿಷಯ, ಒಂದೇ ಸಲ ಮಾಡಿದ ಸರ್ವೆ ಇದ್ರೆ "ಹಂತ ದಾಟಿದಂತೆ ಜನ ಹೀಗೆ ಬದಲಾಗ್ತಾರೆ" ಅಂತ ಬರೀಬೇಡಿ ದಯವಿಟ್ಟು. ಅಂಥ ಸರ್ವೆಗಳನ್ನ ನೋಡಿನೇ ದಾಂಪತ್ಯದ ತೃಪ್ತಿ ಮಧ್ಯದಲ್ಲಿ ಇಳಿದು ಮಕ್ಕಳು ಮನೆ ಬಿಟ್ಟ ಮೇಲೆ ಮತ್ತೆ ಏರುತ್ತೆ ಅಂತ ಬಹಳ ಕಾಲ ನಂಬಿದ್ರು, 2001ರಲ್ಲಿ ಸಂಶೋಧಕಿ ವ್ಯಾನ್‌ಲ್ಯಾನಿಂಗ್‌ಹ್ಯಾಮ್ ಮತ್ತೆ ಜೊತೆಗಾರರು ನೋಡಿದ, ಅದೇ ಜನರನ್ನ 17 ವರ್ಷ ಫಾಲೋ ಮಾಡಿದ ಡೇಟಾದಲ್ಲಿ ಆ ಏರಿಕೆ ಸಿಗಲೇ ಇಲ್ಲ. ಹೊಂದಿಕೆ ಆಗದವರು ಅಷ್ಟೊತ್ತಿಗೆ ಬೇರೆಯಾಗಿ ಲೆಕ್ಕದಿಂದಾನೇ ಹೊರಗೆ ಹೋಗಿರ್ತಾರೆ, ಉಳಿದವರನ್ನಷ್ಟೇ ನೋಡಿದ್ರೆ ಎಲ್ಲ ಚೆನ್ನಾಗೇ ಕಾಣುತ್ತೆ.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ನನ್ನ ಫಾರ್ಮ್‌ನಲ್ಲಿ ಮನೇಲಿರೋ ಪ್ರತಿಯೊಬ್ಬರ ಹುಟ್ಟಿದ ವರ್ಷ ಇದೆ, ಕೊನೇ ಮಗುವಿನ ವಯಸ್ಸು ಅದರಿಂದಾನೇ ತೆಗೀಬಹುದು. ಈ ವಾರ ಎರಡೂ ಮಾಡೆಲ್ ರನ್ ಮಾಡಿ ಇಲ್ಲೇ ಹಾಕ್ತೀನಿ.