ಕಣ್ಣಿನ ಮೆಲನೋಮ ಲಿವರ್‌ಗೆ ಹರಡಿದೆ, ಡಾಕ್ಟರ್ ಹತ್ತಿರ ಏನು ಕೇಳಲಿ?

ಪ್ರಶ್ನೆ:
ಅಮ್ಮನಿಗೆ ಕಣ್ಣಿನೊಳಗೆ ಮೆಲನೋಮ (ಒಂದು ಬಗೆಯ ಕ್ಯಾನ್ಸರ್) ಇತ್ತು. ರೇಡಿಯೇಷನ್ ಪ್ಲಾಕ್ (ಕಣ್ಣಿಗೆ ಅಂಟಿಸಿ ಕೆಲವು ದಿನ ಇಡುವ ವಿಕಿರಣದ ಪುಟ್ಟ ಬಿಲ್ಲೆ) ಇಟ್ಟು ಗುಣವಾಗಿತ್ತು. ಈಗ ಎಂಆರ್‌ಐನಲ್ಲಿ ಲಿವರ್‌ನ ಎರಡೂ ಕಡೆ ಸಣ್ಣ ಸಣ್ಣ ಗಂಟುಗಳು ಕಂಡಿವೆ. ಬೇರೆಲ್ಲೂ ಇಲ್ಲ. ಆಪರೇಷನ್ ಆಗಲ್ಲವಂತೆ. ಚರ್ಮದ ಮೆಲನೋಮಕ್ಕೆ ಕೊಡುವ ಇಮ್ಯುನೋಥೆರಪಿಯನ್ನೇ (ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಕೊಡಿಸಿ ಅಂತ ಸೋದರಮಾವನ ಹಟ. ಸರೀನಾ?

ಉತ್ತರ:
ನಮ್ಮ ಯಜಮಾನರಿಗೂ ಇದೇ ಕಾಯಿಲೆ. ಎಚ್‌ಎಲ್‌ಎ (ಜೀವಕೋಶಗಳ ಮೇಲಿನ ಗುರುತು, ಒಬ್ಬೊಬ್ಬರಿಗೆ ಒಂದೊಂದು ಥರ) ರಕ್ತಪರೀಕ್ಷೆ ಆಗಿದೆಯಾ? ಮೊದಲು ಅದನ್ನು ಕೇಳಿ. ಎ 02:01 ಅನ್ನೋ ಮಾದರಿ ಇದ್ದರೆ ಮಾತ್ರ ಟೆಬೆಂಟಾಫಸ್ಪ್ ಅನ್ನೋ ಔಷಧಿ ಕೊಡುತ್ತಾರೆ, ಇವರಿಗೂ ಅದನ್ನೇ ಕೊಟ್ಟಿದ್ದು. ಅಮೆರಿಕದ ಎಫ್‌ಡಿಎ (ಔಷಧಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ) 2022ರಲ್ಲಿ ಒಪ್ಪಿದ ಔಷಧಿ. ಟ್ರಯಲ್‌ನಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಒಂದು ವರ್ಷದ ಹೊತ್ತಿಗೆ ಶೇ. 73ರಷ್ಟು ಜನ ಬದುಕಿದ್ದರು, ಬೇರೆ ಔಷಧಿ ಪಡೆದವರಲ್ಲಿ ಶೇ. 59. ಪೂರ್ತಿ ವಾಸಿ ಆಗುತ್ತೆ ಅಂತ ಯಾರೂ ಹೇಳಲ್ಲ. ಸ್ಕ್ಯಾನ್‌ನಲ್ಲಿ ಗಂಟು ಕುಗ್ಗೋದೂ ಕಡಿಮೆ. ಅದನ್ನು ನೋಡಿ ಸುಮ್ನೆ ಎದೆಗುಂದಬೇಡಿ, ಗಂಟು ಕುಗ್ಗದವರಿಗೂ ಆಯಸ್ಸು ಸಿಕ್ಕಿದೆ.

ವಾರಕ್ಕೊಮ್ಮೆ ಡ್ರಿಪ್. ಮೊದಲ ಮೂರು ಸಲ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಡ್ರಿಪ್ ಮುಗಿದು ಕೆಲವು ಗಂಟೆಗೆ ಇವರಿಗೆ ಚಳಿ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಆಮೇಲೆ ಜ್ವರ, ಮುಖವೆಲ್ಲ ಕೆಂಪಾಗಿ ತುರಿಕೆ. ಬಿಪಿ ಇಳಿಯಿತು, ಸಲೈನ್ ಹಾಕಿದರು. ಈಗ ಹುಬ್ಬು ಬೆಳ್ಳಗಾಗಿದೆ, ಅಷ್ಟೇ!

ಮಾವನವರಿಗೆ ಹೇಳಿ, ಹೆಸರು ಒಂದೇ ಆದರೂ ಕಾಯಿಲೆ ಬೇರೆ. ಚರ್ಮದ್ದಕ್ಕೆ ಚೆನ್ನಾಗಿ ಕೆಲಸ ಮಾಡುವ ಇಮ್ಯುನೋಥೆರಪಿ ಇದರಲ್ಲಿ ಕೆಲವರಿಗಷ್ಟೇ ನಾಟುತ್ತೆ.

ಇನ್ನೊಂದು ಉತ್ತರ:
ಎಚ್‌ಎಲ್‌ಎ ಹೊಂದದಿದ್ದರೂ ಕೈಚೆಲ್ಲಬೇಡಿ. ನನ್ನ ಅಣ್ಣನಿಗೆ ಹೊಂದಲಿಲ್ಲ. ಅವನಿಗೆ ಲಿವರ್‌ಗೆ ಮಾತ್ರ ಮೆಲ್ಫಲಾನ್ ಅನ್ನೋ ಕೀಮೋ ಔಷಧಿ ಹರಿಸಿದರು. ಲಿವರ್‌ನಿಂದ ಹೊರಬರುವ ರಕ್ತವನ್ನು ಬಲೂನ್ ಇಟ್ಟು ತಡೆದು, ಫಿಲ್ಟರ್ ಮಾಡಿ ಮೈಗೆ ವಾಪಸ್ ಬಿಡುತ್ತಾರೆ. ಎಫ್‌ಡಿಎ ಒಪ್ಪಿದ್ದು 2023ರಲ್ಲಿ. ಲಿವರ್‌ನ ಅರ್ಧಕ್ಕಿಂತ ಜಾಸ್ತಿ ಗಂಟು ತುಂಬಿದ್ದರೆ ಮಾಡಲ್ಲ, ಹಾಗಾಗಿ ತಡ ಮಾಡಬೇಡಿ. ಆಮೇಲೆ ಪ್ಲೇಟ್‌ಲೆಟ್ ಬೀಳುತ್ತೆ, ರಕ್ತಪರೀಕ್ಷೆ ತಪ್ಪಿಸಬೇಡಿ. ಎಲ್ಲ ಕಡೆ ಈ ಸೌಲಭ್ಯ ಇಲ್ಲ. ವೈ-90 ಮಣಿಗಳ ರೇಡಿಯೇಷನ್ (ವಿಕಿರಣ ಇರುವ ಅತಿ ಸಣ್ಣ ಮಣಿಗಳನ್ನು ಲಿವರ್‌ನ ರಕ್ತನಾಳಕ್ಕೆ ಬಿಡುವುದು) ಬಗ್ಗೆಯೂ ಕೇಳಿ.

ಪ್ರಶ್ನೆ ಕೇಳಿದವರು:
ಫೈಲ್ ಎಲ್ಲ ಹುಡುಕಿದೆ, ಎಚ್‌ಎಲ್‌ಎ ರಿಪೋರ್ಟೇ ಇಲ್ಲ. ನಾಳೆ ಕೇಳ್ತೀನಿ. ಆ ಚಳಿಜ್ವರ ಪ್ರತಿ ವಾರ ಬರುತ್ತಾ ಅಕ್ಕಾ? ಅಮ್ಮ ಬಿಪಿ ಮಾತ್ರೆ ಬೇರೆ ತಗೊಳ್ತಾರೆ.

ಉತ್ತರ:
ಇಲ್ಲಪ್ಪ, ಮೊದಲ ಮೂರು ಸಲವೇ ಜೋರು, ಆಮೇಲೆ ಇಳಿಯುತ್ತೆ. ಬಿಪಿ ಮಾತ್ರೆ ವಿಷಯ ಡ್ರಿಪ್‌ಗೆ ಮುಂಚೆಯೇ ಡಾಕ್ಟರ್‌ಗೆ ಹೇಳಿ. ಅವತ್ತು ಅದನ್ನು ನಿಲ್ಲಿಸಬೇಕಾ ಅನ್ನೋದನ್ನು ಅವರೇ ಹೇಳಲಿ, ನೀವಾಗಿ ಬಿಡಬೇಡಿ.