ಹತ್ತಿ ಬನಿಯನ್ ಪಟ್ಟಿಯ ಜಗಳ

ಗುಂಪು: ಹಳೆ ಕ್ಲಾಸು, ಕಾಸರಗೋಡು

ಶ್ರೀಧರ: (ಫಾರ್ವರ್ಡ್) ಬೆಟ್ಟದ ಓಟಕ್ಕೆ ಹತ್ತಿ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ರೈನ್‌ಕೋಟ್. ಹೊರಡುವಾಗಲೇ ಮೂರೂ ಹಾಕಿಕೊಳ್ಳಿ.

ವಿದ್ಯಾ: ಇದನ್ನು ಬರೆದವರು ಬೆಟ್ಟ ನೋಡಿದ್ದು ಕ್ಯಾಲೆಂಡರಿನಲ್ಲೇ ಇರಬೇಕು ಶ್ರೀಧರಣ್ಣ.

ಶ್ರೀಧರ: ತಪ್ಪೆಂತ ಉಂಟು? ಹತ್ತಿ ಬೆವರು ಹೀರ್ತದಲ್ಲ.

ವಿದ್ಯಾ: ಹೀರ್ತದೆ, ಬಿಡುದಿಲ್ಲ. ಅದೇ ರಗಳೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಬಿಸಿ ಸಾಗಿಸ್ತದೆ, ಒದ್ದೆ ಬನಿಯನ್ ಮೈಗಂಟಿದ್ರೆ ಮೈಬಿಸಿ ಹೋದ ಹಾಗೆಯೇ. ಪಾಲಿಯೆಸ್ಟರ್ ನೂಲಿನೊಳಗೆ ನೀರು ಇಳಿಯುದೇ ಕಡಿಮೆ, ಬೇಗ ಒಣಗ್ತದೆ. ಮೆರಿನೊ ಉಣ್ಣೆ ಒದ್ದೆಯಾದ್ರೂ ಬೆಚ್ಚಗೆ, ಆದ್ರೆ ನಮ್ಮ ಸೆಕೆಗೆ ಒಣಗ್ಲಿಕ್ಕೆ ತಡ.

ರಾಜೇಶ: ನಮ್ಮ ರಾಣಿಪುರಂ ಗುಡ್ಡಕ್ಕೆ ಇಷ್ಟೆಲ್ಲ ಬೇಕಾ ಮಾರಾಯ್ತಿ?

ವಿದ್ಯಾ: ಬಿಸಿಲಿದ್ರೆ ಅಲ್ಲಿಗೆ ತೆಳು ಜೆರ್ಸಿ ಒಂದೇ ಸಾಕು. ಆದ್ರೆ ಕುದುರೆಮುಖ 1,894 ಮೀಟರ್. 1,000 ಮೀಟರಿಗೆ ಸುಮಾರು 6.5 ಡಿಗ್ರಿ ಇಳೀತದೆ, ಇಲ್ಲಿ 30 ಇದ್ದಾಗ ತುದಿಯಲ್ಲಿ 18ರ ಹತ್ತಿರ. ಮೈ ಒಣಗಿದ್ರೆ ಅದು ಚಳಿಯೇ ಅಲ್ಲ. ಒದ್ದೆ ಮೈಯಲ್ಲಿ, ಬೋಳುಗುಡ್ಡದ ಗಾಳಿಯಲ್ಲಿ, ಕಾಲು ಉಳುಕಿ ಕೂತ್ರೆ ನಡುಕ ಶುರು.

ಉದಯ: ಸ್ವೆಟರ್ ಬಿಡಿ. ಒಳ್ಳೆ ಮೆಂಬ್ರೇನ್ (ನೀರು ತಡೆದು ಹಬೆ ಬಿಡುವ ತೆಳು ಪದರ) ಜಾಕೆಟ್ ಇದ್ರೆ ಮುಗೀತಲ್ಲ? ನೀರು ಬಾರದು, ಬೆವರು ಹೋಗ್ತದೆ.

ವಿದ್ಯಾ: ನಮ್ಮ ಮಳೆಗಾಲದಲ್ಲಿ ಹೋಗುದಿಲ್ಲ ಉದಯಣ್ಣ. ಒಳಗಿನ ಹಬೆ ಹೊರಗಿನದ್ದಕ್ಕಿಂತ ಹೆಚ್ಚಿದ್ರೆ ಮಾತ್ರ ಅದು ದಾಟುದು. ಹೊರಗೂ ಬೆಚ್ಚಗೆ, ತೇವ ತುಂಬಿದ ಗಾಳಿ. ಮತ್ತೆ ಒಳಗಿನಿಂದಲೇ ಚಂಡಿ! ಘಟ್ಟಕ್ಕೆ ತೆಳು ವಿಂಡ್‌ಚೀಟರ್ ಲಾಯ್ಕ, ಮುಷ್ಟಿಯಷ್ಟಕ್ಕೆ ಮಡಚ್ಲಿಕ್ಕೆ ಆಗ್ತದೆ.

ರಾಜೇಶ: ಗದ್ದೆಯಲ್ಲಿ ಮಳೆಗೆ ಹೊದೆಯುವ ಎಲೆಯ ಗೊರಬೆಯೇ ಸಾಕಿತ್ತು 😄

ವಿದ್ಯಾ: ತಮಾಷೆಯಲ್ಲ, ಕೆಳಗೆ ತೆರೆದಿರುವ ಕಾರಣ ಗಾಳಿ ಆಡ್ತದೆ. ಜಾಕೆಟ್ ಕೊಳ್ಳುವಾಗಲೂ ಕಂಕುಳಲ್ಲಿ ಜಿಪ್ ಉಂಟಾ ನೋಡಿ.

ಉದಯ: ಜೋರು ಮಳೆಗೆ ವಿಂಡ್‌ಚೀಟರ್ ಬರೀ ಕಾಗದ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸುವಿನ ಬೆಟ್ಟದ ಓಟದಲ್ಲಿ ಆಲಿಕಲ್ಲು, ಗಾಳಿಗೆ 21 ಜನ ತೀರಿಹೋದ್ರು. ಜಾಕೆಟ್ ಅಲ್ಲಿ ಕಡ್ಡಾಯ ಇರಲಿಲ್ಲ. ಆಲ್ಪ್ಸಿನ ಯುಟಿಎಂಬಿ ಅನ್ನುವ ಬೆಟ್ಟದ ಓಟದಲ್ಲಿ ಟೊಪ್ಪಿ ಇರುವ ಜಲನಿರೋಧಕ ಜಾಕೆಟ್ ಇಲ್ಲದೆ ಓಡ್ಲಿಕ್ಕೆ ಬಿಡುದಿಲ್ಲ, ನೀರಿನ ಒತ್ತಡ ತಡೆಯುವ ಅಳತೆ 10,000 ಮಿ.ಮೀ. ಇರ್ಲಿ ಹೇಳ್ತಾರೆ. ಹೊಲಿಗೆಗೆ ಒಳಗಿಂದ ಟೇಪ್ ಇರ್ಬೇಕು, ಇಲ್ಲದಿದ್ರೆ ಸೂಜಿತೂತಿನಲ್ಲೇ ನೀರು.

ವಿದ್ಯಾ: ಹಿಮಾಲಯದಂಥ ಬೆಟ್ಟಕ್ಕಾದ್ರೆ ನಿಮ್ಮ ಮಾತು ಒಪ್ಪಿದೆ. ಅಲ್ಲಿಗೆ ವಿಂಡ್‌ಚೀಟರ್, ಜಾಕೆಟ್ ಎರಡೂ ಚೀಲದಲ್ಲಿರಲಿ. ಆದ್ರೆ "ಹೊರಡುವಾಗಲೇ ಮೂರೂ" ಅಂದದ್ದು ದೊಡ್ಡ ತಪ್ಪು. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿಯೇ ಆಗ್ಬೇಕು. ಏರಿನಲ್ಲಿ ಬಿಚ್ಚುದು, ಶಿಖರದ ಗಾಳಿ ಸಿಗುವ ಮೊದಲೇ ಹಾಕುದು. ನಡುಗಿದ ಮೇಲೆ ಬೆರಳಿಗೆ ಜಿಪ್ ಎಳೀಲಿಕ್ಕೂ ಆಗುದಿಲ್ಲ.

ಉದಯ: ಜಾಕೆಟನ್ನು ಚೀಲದ ಬಾಯಲ್ಲೇ ಇಡಿ. ತೆಳು ಫ್ಲೀಸ್, ಕೈಗವಸು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ತಳದಲ್ಲಿ, ಅವು ನಿಂತಾಗ ಮಾತ್ರ. ಗರಿ ತುಂಬಿದ ಜಾಕೆಟ್ ಬೇಡ, ಒದ್ದೆಯಾದ್ರೆ ಮುದ್ದೆ.

ಶ್ರೀಧರ: ನನ್ನ ಜಾಕೆಟಿನಲ್ಲಿ ಈಗ ನೀರು ಹನಿಯಾಗಿ ಜಾರುದಿಲ್ಲ, ಬಟ್ಟೆಯೇ ಕುಡೀತದೆ. ಬಿಸಾಡುದಾ?

ಉದಯ: ಬೇಡ. ನೀರು ಜಾರಿಸುವ ಹೊರಗಿನ ಲೇಪ ಸೋತದ್ದು, ಹೆಚ್ಚಾಗಿ ಚೀಲದ ಪಟ್ಟಿ ಉಜ್ಜುವ ಭುಜದಲ್ಲಿ. ಸಾಫ್ಟ್‌ನರ್ ಹಾಕದೆ ತೊಳೆದು ಸೋಪು ಪೂರ್ತಿ ತೆಗೀರಿ. ಲೇಬಲ್ಲಿನಲ್ಲಿ ಇಸ್ತ್ರಿ ಆಗ್ತದೆ ಅಂತ ಇದ್ರೆ ಮೇಲೆ ಬೈರಾಸು ಹಾಸಿ ಸಣ್ಣ ಬಿಸಿಯಲ್ಲಿ ಎಳೀರಿ. ಮತ್ತೂ ಕುಡಿದ್ರೆ ಆ ಲೇಪದ ಸ್ಪ್ರೇ ಸಿಗ್ತದೆ.

ಶ್ರೀಧರ: ಪಟ್ಟಿ ಡಿಲೀಟ್ ಮಾಡ್ತೇನೆ.

ರಾಜೇಶ: ತಡವಾಯ್ತು, ನಾನು ಮನೆ ಗ್ರೂಪಿಗೆ ಹಾಕಿ ಆಯ್ತು.