ನಾರ್ಫಕ್‌ನ 'ಬ್ರಾಡ್': ಕೆರೆಯೋ, ಸರೋವರವೋ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ಫೋಟೋ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ವಿಷಯ ಇಂಗ್ಲೆಂಡಿನ ಪೂರ್ವದಲ್ಲಿರುವ ನಾರ್ಫಕ್ ಕೌಂಟಿ. ಅಲ್ಲಿ ಬ್ಯೂರ್, ಯೇರ್, ಥರ್ನ್ ನದಿಗಳ ಆಸುಪಾಸಿನಲ್ಲಿ 'ಬ್ರಾಡ್' ಅನ್ನುವ ನೀರಿನ ಹರವುಗಳಿವೆ. ಕರಡಿನಲ್ಲಿ 'ಸರೋವರ' ಅಂತಿದೆ. ನನಗೆ ಒಪ್ಪಿಗೆಯಿಲ್ಲ. ಅವು ತಾವಾಗಿಯೇ ಆದವು ಅಂತ 1950ರ ದಶಕದವರೆಗೂ ಬಹಳ ಜನ ನಂಬಿದ್ದರು. ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ತಳಕ್ಕೆ ಕೊರೆದು ಮಣ್ಣು ತೆಗೆದು ನೋಡಿದರು. ಅಂಚು ಗೋಡೆಯ ಹಾಗೆ ನೆಟ್ಟಗಿತ್ತು, ತಳ ಮಟ್ಟಸ. ಮಧ್ಯಯುಗದಲ್ಲಿ ಉರುವಲಿಗೆ ಪೀಟ್ (ಜೌಗಿನಲ್ಲಿ ಗಿಡಗಂಟಿ ಅರೆಕೊಳೆತು ಆದ ಮಣ್ಣು) ಕಡಿದು ತೆಗೆದ ಗುಂಡಿಗಳು ಅವು! ಆಮೇಲೆ ಸಮುದ್ರದ ಮಟ್ಟ ಏರಿ ನೀರು ತುಂಬಿಕೊಂಡಿತು. ಇದಕ್ಕೆ ಏನನ್ನಲಿ? ಪೀಟ್‌ಗೂ ಪದವಿದ್ದರೆ ಹೇಳಿ.

*

ಕೆರೆ. ಇದರಲ್ಲಿ ಚರ್ಚೆಗೆ ಏನಿದೆ ಮೇಡಂ? 'ಕೆರೆ' ಬಂದದ್ದೇ ಕೆರೆಯುವುದರಿಂದ. ನೆಲ ಕೆರೆದು ಮಾಡಿದ್ದು ಕೆರೆ. ಮನುಷ್ಯರು ಅಗೆದದ್ದು ಅಂತ ನೀವೇ ಬರೆದಿದ್ದೀರಿ. ಪೀಟ್‌ಗೆ 'ಉರಿಮಣ್ಣು' ಅನ್ನಿ. ಕೌಂಟಿ ಯಾಕೆ, 'ಜಿಲ್ಲೆ' ಸಾಕು.

*

ಉರಿಮಣ್ಣು ಚೆನ್ನಾಗಿದೆ. ಕೆರೆಯ ಮಾತು ತಪ್ಪು. ಹಳಗನ್ನಡದಲ್ಲಿ ಅದು ಕೆಱೆ, ಶಕಟರೇಫ, ಅಂದರೆ ಈಗ ಬಿಟ್ಟುಹೋದ ಱ ಅಕ್ಷರ. ತೆಲುಗಿನ ಚೆಱುವು, ಮಲಯಾಳದ ಚಿಱ ಪಕ್ಕದಲ್ಲಿಟ್ಟು ನೋಡಿ ಸಾರ್. ಚಿಱ ಅಂದರೆ ಒಡ್ಡು. ತಡೆದು ನಿಲ್ಲಿಸಿದ ನೀರು ಕೆರೆ, ಕೆರೆದದ್ದಲ್ಲ. ಏರಿ ಇಲ್ಲದ, ತೂಬು ಇಲ್ಲದ, ಕೋಡಿ ಬೀಳದ ನೀರನ್ನು ನಮ್ಮ ಕಡೆ ಯಾರೂ ಕೆರೆ ಅನ್ನುವುದಿಲ್ಲ. ಕಲ್ಲು ಕ್ವಾರಿಯಲ್ಲಿ ಮಳೆನೀರು ನಿಂತರೆ ಹೊಂಡ ಅಂತೀವಿ. ಬ್ರಾಡ್ ಹುಟ್ಟಿದ್ದೂ ಹಾಗೇ. ಆದರೆ ಹಿಕ್ಲಿಂಗ್ ಬ್ರಾಡ್‌ನಲ್ಲಿ ಹಾಯಿದೋಣಿಗಳು ಓಡಾಡುತ್ತವೆ. ಹೊಂಡ ಅಂದರೆ ಓದುವವರ ಕಣ್ಣಿಗೆ ತೀರಾ ಚಿಕ್ಕದಾಗುತ್ತದೆ. ಬ್ರಾಡ್ ಅಂದರೆ ಅಗಲವಾದ ನೀರು, ಅಷ್ಟೇ. ಮೇಡಂ, ಪ್ರಶ್ನೆ ಕೇಳುವಾಗಲೇ ನೀವು 'ಹರವು' ಅಂತ ಬರೆದಿದ್ದೀರಿ. ಅದೇ ಸಾಕಲ್ವಾ?

*

ಱ ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಫಲಕ ಓದುವವರಿಗೆ ಎರಡೂ ಒಂದೇ. 'ಹರವು' ಸುಮ್ನೆ ತೇಲುವ ಪದ, ನೀರು ಅನ್ನುವುದೇ ಅದರಲ್ಲಿಲ್ಲ. ಕೊನೆಗೆ ಬ್ರಾಡ್ ಅಂತಲೇ ಹಾಕುತ್ತೀರಿ, ನನಗೆ ಗೊತ್ತು. ಹೀಗೆ ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ಸಾರ್, ನೀವು ಕೊಟ್ಟ 'ಜಿಲ್ಲೆ' ಅರಬ್ಬಿಯಿಂದ ಬಂದದ್ದು. ಅದನ್ನು ಯಾರೂ ಓಡಿಸಬೇಕಿಲ್ಲ. ಆ ನಾರ್ಫಕ್ಕನ್ನೇ ನೋಡಿ. ಹೆಮ್ಸ್‌ಬಿ, ಫಿಲ್ಬಿ, ಆರ್ಮ್ಸ್‌ಬಿ ಅಂತ ಸಾಲುಸಾಲು ಊರುಗಳಿವೆ. ಕೊನೆಯ 'ಬಿ' ಹಿಂದೆ ಡೆನ್ಮಾರ್ಕ್ ಕಡೆಯಿಂದ ಬಂದು ಆ ಭಾಗವನ್ನು ಆಳಿದ ಡೇನರ ಮಾತು, ಊರು ಅಂತ ಅರ್ಥ. ಡೇನರ ಆಳ್ವಿಕೆ ಹೋದರೂ ಪದ ಉಳಿಯಿತು. ಇಂಗ್ಲಿಷ್ ಅದರಿಂದ ಸೊರಗಲಿಲ್ಲ. ಹೆಸರು ಹೆಸರಾಗಿಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ.

*

ಊರಿನ ಹೆಸರು ಬೇರೆ, ಪದ ಬೇರೆ. ಕಲಸಬೇಡಿ.

*

ಎಲ್ಲರಿಗೂ ಧನ್ಯವಾದ. ಫಲಕ ಹೀಗೆ ಕಳಿಸಿದೆ: "ನಾರ್ಫಕ್ ಬ್ರಾಡ್ಸ್. ಉರುವಲಿಗಾಗಿ ಉರಿಮಣ್ಣು ಅಗೆದ ಗುಂಡಿಗಳಲ್ಲಿ ನೀರು ತುಂಬಿ ಆದ ಹರವುಗಳು." ಕೆರೆ ಬಿಟ್ಟಿದ್ದಕ್ಕೆ ಸಾರ್ ಬೇಜಾರು ಮಾಡಿಕೊಳ್ಳಬಾರದು. ಏರಿಯ ಮಾತು ಕೇಳಿದ ಮೇಲೆ ಅದನ್ನು ಬರೆಯಲು ಕೈ ಬರಲಿಲ್ಲ. ಪಕ್ಕದ ಫಲಕದಲ್ಲಿ ಅಲ್ಲಿಯ ಹುಲ್ಲುಮಾಡಿನ ಮನೆಗಳಿವೆ. ನೀರಿನಂಚಿನ ರೀಡ್ ಕೊಯ್ದು ಹೊದಿಸುತ್ತಾರೆ. ಅದಕ್ಕೆ 'ಜೊಂಡು' ಅಂತ ಹಾಕಿದ್ದೇನೆ. 'ಆಪು' ಆಗಬೇಕು ಅನ್ನುವವರು ಇವತ್ತು ರಾತ್ರಿಯೇ ಹೇಳಿ, ಬೆಳಿಗ್ಗೆ 10ಕ್ಕೆ ಪ್ರಿಂಟಿಗೆ ಹೋಗುತ್ತದೆ.